ಜಗಜಟ್ಟಿಯೂ ಜನಜಂಗುಳಿಯೂ

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಹೊಗೆಸೊಪ್ಪಿನ ಸೀಮೆಯ ಒಂದು ಹೋಬಳಿ ಕೇಂದ್ರ. ಅಲ್ಲಿಂದ ಹಿಡಿದು ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳವರೆಗೆ, ಜಾತ್ರೆ ಪರಿಷೆಗಳ ಕಾಲ ಬಂದಿತೆಂದರೆ ಹೋಟೆಲಿನ ಗೋಡೆ, ಬಸ್ಸು ನಿಲ್ಲುವ ಕಟ್ಟೆ, ಕ್ಷೌರದಂಗಡಿಯ ಬಾಗಿಲುಗಳ ಮೇಲೆ ಕುಸ್ತಿಯ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಎದೆಯುಬ್ಬಿಸಿ ನಿಂತ ಪೈಲ್ವಾನರ ಭಾವಚಿತ್ರಗಳು ಜೋಡಿಜೋಡಿಯಾಗಿ ಅಚ್ಚಾಗಿರುತ್ತವೆ. ಹೆಸರಿನ ಜೊತೆಗೆ ಇಂಥ ಗರಡಿಯವನು, ಇಂಥ ಉಸ್ತಾದರ ಶಿಷ್ಯನು ಎಂಬ ವಿವರ. ಎಲ್ಲಕ್ಕಿಂತ ದೊಡ್ಡ ಚಿತ್ರ ಕಡೆಯ ಜೋಡಿಯದು. ಸಂಜೆಯವರೆಗೂ ಜನರನ್ನು ಹಿಡಿದಿಟ್ಟುಕೊಳ್ಳುವ ಜೋಡಿ ಅದೇ.

ಜೋಡಿ ಕಟ್ಟುವುದೆಂಬುದು ಸಾಮಾನ್ಯ ವಿದ್ಯೆಯಲ್ಲ. ಮೈಸೂರಿನಲ್ಲಿ ದಸರೆಯ ಕುಸ್ತಿಗೆ ಮೊದಲು ಅದಕ್ಕೆಂದೇ ಹಿರಿಯರು ಕೂಡುತ್ತಾರೆ. ಪೈಲ್ವಾನರು ಬಟ್ಟೆ ಕಳಚಿ ನಿಂತು ಮೈ ತೋರಿಸುತ್ತಾರೆ. ತೂಕ, ಎತ್ತರ, ವಯಸ್ಸು, ಹಿಂದಿನ ಗೆಲುವು ಸೋಲುಗಳನ್ನೆಲ್ಲ ಕಣ್ಣಳತೆಯಲ್ಲೇ ತೂಗಿ, ಇವನಿಗೆ ಅವನು ಎಂದು ನಿಷ್ಕರ್ಷಿಸುತ್ತಾರೆ. ಎರಡು ಕೈಗಳನ್ನು ಸೇರಿಸಿದರೆ ಜೋಡಿಯಾಯಿತು. ಆದರೆ ಈ ತೂಕದಲ್ಲಿ ಬಾಯಿಬಿಟ್ಟು ಯಾರೂ ಹೇಳದ ಇನ್ನೊಂದು ಬಟ್ಟೂ ಇರುತ್ತದೆ: ಈ ಜೋಡಿಯನ್ನು ನೋಡಲು ಜನ ಬರುವರೇ? ಅಖಾಡದ ನಿಜವಾದ ಮಲ್ಲ ಮಧ್ಯಾಹ್ನದ ಸುಡುಬಿಸಿಲಿನಲ್ಲಿ, ಅರ್ಧ ತುಂಬಿದ ಗ್ಯಾಲರಿಯ ಮುಂದೆ, ಮೂರನೆಯ ಜೋಡಿಯಾಗಿ ಸೆಣಸಿ ಮೈಗೆ ಹತ್ತಿದ ಮಟ್ಟಿಯನ್ನು ಒರೆಸಿಕೊಂಡು ಹೋಗಿರುವುದು ಎಷ್ಟೋ ಬಾರಿ ಉಂಟು. ಹಳೆಯ ಉಸ್ತಾದನಿಗೆ ಅದು ತಿಳಿಯುತ್ತದೆ; ಟಿಕೆಟ್ಟು ಹರಿಯುವವನಿಗೆ ತಿಳಿಯುವುದಿಲ್ಲ.

ರಾವಂದೂರಿನ ಕಡೆಯ ರೈತನಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹದವಾಗಿ ಬೇಯಿಸಿ ಬಣ್ಣ ಬರಿಸಿದ ಸೊಪ್ಪು ಹರಾಜುಕಟ್ಟೆಯಲ್ಲಿ ಯಾವ ದಿನ ಯಾವ ಬೆಲೆಗೆ ಹೋದೀತೆಂಬುದು ಸೊಪ್ಪಿನ ಗುಣವೊಂದರಿಂದಲೇ ನಿರ್ಧಾರವಾಗುವುದಿಲ್ಲವೆಂದು ಅವನು ಪ್ರತಿ ವರ್ಷವೂ ಕಲಿಯುತ್ತಾನೆ. ಆದರೂ ಸೊಪ್ಪಿಗೆ ಒಂದು ದರ್ಜೆಯ ಚೀಟಿಯಾದರೂ ಇದೆ. ಮನುಷ್ಯನ ಮುಷ್ಟಿಗೆ, ತೊಡೆಗೆ, ಎದೆಗಾರಿಕೆಗೆ ದರ್ಜೆ ಹಾಕುವವರು ಯಾರು?

ಗಾಯಗೊಂಡವನಿಗೆ ರೇಷ್ಮೆ

ಕನ್ನಡನಾಡಿನಲ್ಲಿ ಆ ಕೆಲಸವನ್ನು ಬಹುಕಾಲ ಅರಸರು ಮಾಡಿದರು. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸುವ ಬಗೆ, ಅವರ ಆಹಾರ, ಅಭ್ಯಾಸ, ಪಟ್ಟುಗಳು, ಅರಸನು ಅವರನ್ನು ಹೇಗೆ ಸಾಕಬೇಕೆಂಬುದು ಎಲ್ಲವನ್ನೂ ಆ ರಾಜಗ್ರಂಥಕಾರನು ನಿರೂಪಿಸಿದ್ದಾನೆ. ಅಲ್ಲಿ ಪ್ರೇಕ್ಷಕನೆಂದರೆ ಮುಖ್ಯವಾಗಿ ಒಬ್ಬನೇ. ಅವನೇ ಪೋಷಕ, ಅವನೇ ತೀರ್ಪುಗಾರ.

ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸರು ಇನ್ನೂ ಸ್ವಾರಸ್ಯವಾದ ಸಂಗತಿಯನ್ನು ಬರೆದಿಟ್ಟಿದ್ದಾರೆ. ೧೫೨೦ರ ಸುಮಾರಿಗೆ ಬಂದಿದ್ದ ಡೊಮಿಂಗೊ ಪಾಯೆಸನಿಗೆ ಇಲ್ಲಿಯ ಕುಸ್ತಿ ತನ್ನ ದೇಶದ ಕುಸ್ತಿಯಂತೆ ಕಾಣಲಿಲ್ಲ. ಹಲ್ಲು ಮುರಿಯುವ, ಕಣ್ಣು ಕೆಡಿಸುವ ಹೊಡೆತಗಳನ್ನು ಕಂಡು, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುವುದನ್ನು ಕಂಡು ಅವನು ಬೆರಗಾದನು. ಮುಂದೆ ಹದಿನೈದು ವರ್ಷಗಳ ಸುಮಾರಿಗೆ ಬರೆದ ಕುದುರೆ ವ್ಯಾಪಾರಿ ನೂನಿಜನು ರಾಯರ ಬಳಿ ಸಾವಿರ ಮಂದಿ ಜಟ್ಟಿಗಳಿದ್ದರೆಂದೂ, ಅವರು ಕೈಯಲ್ಲಿ ಮೊನೆಗಳುಳ್ಳ ಬಳೆಯಂಥ ಆಯುಧವನ್ನು ಹಿಡಿದು ಪರಸ್ಪರ ಹೊಡೆದಾಡುತ್ತಿದ್ದರೆಂದೂ, ಅವರಿಗೆ ರಾಜ್ಯದಲ್ಲಿ ಬೇರಾವ ಊಳಿಗವೂ ಇರಲಿಲ್ಲವೆಂದೂ ಹೇಳುತ್ತಾನೆ. ಪೂರ್ತಿ ವೃತ್ತಿನಿರತ ಮುಷ್ಟಿಮಲ್ಲರೆಂದೇ ಇವರನ್ನು ಕರೆಯಬೇಕು. ಇದಕ್ಕಿಂತ ಹೆಚ್ಚಿನ ಮಾತೊಂದು ಅವನ ಬರಹದಲ್ಲಿದೆ. ಹೆಚ್ಚು ಗಾಯಗೊಂಡವನೇ ಮುಂದೆ ಹೋಗಿ ಅರಸನಿಂದ ರೇಷ್ಮೆಯ ವಸ್ತ್ರವನ್ನು ಸ್ವೀಕರಿಸುತ್ತಿದ್ದನಂತೆ! ಗೆದ್ದವನಿಗೆ ಇನಾಮು ಕೊಡುವ ಲೋಕದಲ್ಲಿ, ನೆತ್ತರು ಸುರಿಸಿದವನಿಗೆ ಇನಾಮು ಕೊಟ್ಟ ಆಸ್ಥಾನವೊಂದು ಹಂಪೆಯಲ್ಲಿತ್ತು.

ಆ ಪದ್ಧತಿಯ ಕುಡಿಯೊಂದು ಇನ್ನೂ ಬಾಡಿಲ್ಲ. ವಿಜಯದಶಮಿಯ ದಿನ ಮೈಸೂರು ಅರಮನೆಯ ಒಳಾವರಣದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಮೈಸೂರು, ಬೆಂಗಳೂರು, ಚಾಮರಾಜನಗರ, ಚನ್ನಪಟ್ಟಣಗಳ ಜಟ್ಟಿ ಮನೆತನಗಳಿಂದ ಆಯ್ದ ನಾಲ್ವರು ಎರಡು ಜೋಡಿಗಳಾಗಿ ಇಳಿಯುತ್ತಾರೆ. ತಲೆ ಬೋಳಿಸಿ, ಸಣ್ಣದೊಂದು ಜುಟ್ಟನ್ನು ಮಾತ್ರ ಉಳಿಸಿರುತ್ತಾರೆ. ಬಲಗೈಯ ಬೆರಳುಗಳಿಗೆ ಮೊನೆಯುಳ್ಳ ವಜ್ರಮುಷ್ಟಿ ತೊಡಿಸಿರುತ್ತದೆ. ಹಿರಿಯ ಜಟ್ಟಿಗಳು ಪಕ್ಕದಲ್ಲಿ ಕಾದು ನಿಲ್ಲುತ್ತಾರೆ. ಇಬ್ಬರಲ್ಲಿ ಒಬ್ಬನ ತಲೆಯಿಂದ ಮೊದಲ ನೆತ್ತರ ಹನಿ ಕಾಣಿಸಿಕೊಂಡೊಡನೆ ಕಾಳಗ ಮುಗಿಯಿತು. ಕೆಲವು ವರ್ಷ ಅದು ಒಂದು ನಿಮಿಷವನ್ನೂ ಮುಟ್ಟುವುದಿಲ್ಲ. ನೆತ್ತರು ಬಿದ್ದಮೇಲೆಯೇ ರಾಜಮನೆತನದವರು ಬನ್ನಿಪೂಜೆಗೆ ಹೊರಡುವುದು.

ಈ ಒಂದು ನಿಮಿಷಕ್ಕಾಗಿ ಜಟ್ಟಿಯು ವಾರಗಟ್ಟಲೆ ಸಾಮು ಮಾಡುತ್ತಾನೆ, ನೇಮನಿಷ್ಠೆಗಳನ್ನು ಪಾಲಿಸುತ್ತಾನೆ. ಕುಲದೇವತೆ ನಿಂಬಜಾದೇವಿಗೆ ಪೂಜೆ ಸಲ್ಲಿಸುತ್ತಾನೆ. ಇದಕ್ಕೆ ಟಿಕೆಟ್ಟಿಲ್ಲ. ಹೊರಗೆ ಜಂಬೂಸವಾರಿಗೆ ಲಕ್ಷಾಂತರ ಜನ ಕಾದಿರುವಾಗ, ಒಳಗೆ ಇದನ್ನು ಕಾಣುವವರು ಆಹ್ವಾನಿತರು ಮಾತ್ರ. ಗೆದ್ದವನಿಗೆ ಪಟ್ಟವಿಲ್ಲ, ಸೋತವನಿಗೆ ಅಪಮಾನವಿಲ್ಲ. ಮೂಳೆ ಮುರಿದರೆ ಕಟ್ಟುವ ವಿದ್ಯೆಯಲ್ಲಿಯೂ ಈ ಜನ ಹೆಸರಾದವರು. ಮುರಿಯುವ ಕೈಗೇ ಕೂಡಿಸುವುದೂ ತಿಳಿದಿತ್ತು. ವಾಣಿಜ್ಯದ ಲೆಕ್ಕದಲ್ಲಿ ಹೇಳುವುದಾದರೆ, ಇಷ್ಟು ಅಪಾಯಕ್ಕೆ ಇಷ್ಟು ಕಡಿಮೆ ಪ್ರತಿಫಲವುಳ್ಳ ಪಂದ್ಯ ಬೇರೆಲ್ಲೂ ಇರಲಾರದು.

ಅರಸರೇ ಅಖಾಡಕ್ಕಿಳಿದ ಕಥೆಯೂ ಮೈಸೂರಿಗೆ ಹೊಸದಲ್ಲ. ತಿರುಚಿನಾಪಳ್ಳಿಯ ಮಲ್ಲನೊಬ್ಬನು ತನ್ನ ಚಲ್ಲಣವನ್ನು ಊರಬಾಗಿಲಿಗೆ ಕಟ್ಟಿಸಿ, ಬಂದವರೆಲ್ಲ ಅದರಡಿಯಲ್ಲಿ ತಲೆಬಾಗಿ ನುಸುಳುವಂತೆ ಮಾಡಿದ್ದನೆಂದೂ, ಮಾರುವೇಷದಲ್ಲಿ ಹೋದ ಕಂಠೀರವ ನರಸರಾಜ ಒಡೆಯರು ಅವನನ್ನು ಕೊಂದು ಬಂದರೆಂದೂ ಐತಿಹ್ಯ. ಚಲ್ಲಣವನ್ನು ಬಾಗಿಲಿಗೆ ಕಟ್ಟಿಸಿದ ಆ ಮಲ್ಲನಿಗೆ ಜಾಹೀರಾತಿನ ಮರ್ಮ ಚೆನ್ನಾಗಿ ತಿಳಿದಿತ್ತೆಂಬುದರಲ್ಲಿ ಸಂದೇಹವಿಲ್ಲ. ಕಥೆಯಲ್ಲಿ ಗೆದ್ದವರದಾದರೋ ಹೆಸರನ್ನೇ ಹೇಳದೆ ಬಂದ ಬಾಹುಬಲ. ೧೯೬೦ರಲ್ಲಿ ‘ರಣಧೀರ ಕಂಠೀರವ’ ಚಿತ್ರ ತೆರೆಗೆ ಬಂದು, ರಾಜಕುಮಾರರ ರೂಪದಲ್ಲಿ ಆ ಒಡೆಯರು ಟಾಕೀಸುಗಳಿಗೂ ಜನ ತಂದರು.

ಗಾಮಾನೂ ಕಿಂಗ್‌ಕಾಂಗನೂ

ಅರಸರ ಕೈಯಿಂದ ಜಟ್ಟಿಯು ಟಿಕೆಟ್ಟಿನವರ ಕೈಗೆ ಬಂದಾಗ ಏನಾಯಿತೆಂಬುದನ್ನು ನೋಡಲು ಗಾಮಾನ ಬಾಳಿಗಿಂತ ಒಳ್ಳೆಯ ಉದಾಹರಣೆ ಸಿಗದು. ೧೯೧೦ರಲ್ಲಿ ಅವನು ಲಂಡನ್ನಿಗೆ ಹೋದನು. ಐದಡಿ ಏಳಂಗುಲದ ಆಳು. ಅಲ್ಲಿಯ ಪಂದ್ಯದವರಿಗೆ ಅವನು ಕುಳ್ಳನಾಗಿ ಕಂಡನು. ಅವನನ್ನು ಸೇರಿಸಿಕೊಳ್ಳಲೊಪ್ಪದಿದ್ದಾಗ, ಅರ್ಧ ಗಂಟೆಯಲ್ಲಿ ಯಾವ ಮೂವರನ್ನಾದರೂ ಕೆಡವುವೆನೆಂದು ನಾಟಕಶಾಲೆಯೊಂದರಿಂದ ಸವಾಲು ಹಾಕಿಸಿದನೆಂದು ಹೇಳುತ್ತಾರೆ. ಅಮೆರಿಕದ ರೋಲರನನ್ನು ಕೆಡವಿದಮೇಲೆ, ಸೆಪ್ಟೆಂಬರ್ ೧೦ರಂದು ಪೋಲೆಂಡಿನ ಜ್ಬಿಸ್ಕೊ ಎದುರಿಗೆ ಬಂದನು. ಆ ದೈತ್ಯನು ಮಾಡಿದ ಕುಸ್ತಿಯಾದರೂ ಎಂಥದು! ಚಾಪೆಯ ಮೇಲೆ ಬೋರಲು ಬಿದ್ದು, ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ನೆಲಕ್ಕೆ ಅಂಟಿಕೊಂಡಿದ್ದನು. ಪಂದ್ಯ ಸಮವೆಂದಾಯಿತು. ಮರುವಾರ ಮತ್ತೆ ಸೆಣಸಲು ಗೊತ್ತಾದ ದಿನ ಅವನು ಬರಲೇ ಇಲ್ಲ. ಗಾಮಾ ಗೆದ್ದನೆಂದು ಸಾರಿದರು.

ಆದರೆ ಆಗ ಪಶ್ಚಿಮದಲ್ಲಿ ಅತ್ಯಂತ ಹೆಸರಾಗಿದ್ದ ಹ್ಯಾಕೆನ್‌ಸ್ಮಿಟ್ ಆಗಲಿ ಫ್ರಾಂಕ್ ಗಾಚ್ ಆಗಲಿ ಗಾಮಾನ ಎದುರಿಗೆ ಎಂದೂ ನಿಲ್ಲಲಿಲ್ಲ. ಗೆದ್ದರೆ ಅವರಿಗೆ ಬರಬಹುದಾದದ್ದು ಅಲ್ಪ, ಸೋತರೆ ಹೋಗುವುದು ಸರ್ವಸ್ವ. ವೃತ್ತಿಪಂದ್ಯಗಳ ಲೋಕದಲ್ಲಿ ನಿಜವಾದ ಮಲ್ಲನಿಗೆ ಬೀಳುವ ಮೊದಲ ದಂಡ ಇದೇ. ಹದಿನೆಂಟು ವರ್ಷಗಳ ಬಳಿಕ, ೧೯೨೮ರ ಜನವರಿಯಲ್ಲಿ, ಪಟಿಯಾಲೆಯ ಮಹಾರಾಜರ ಆಶ್ರಯದಲ್ಲಿ ಜ್ಬಿಸ್ಕೊ ಮತ್ತೆ ಎದುರಾದನು. ಅಪಾರ ಜನಸ್ತೋಮ ನೆರೆದಿತ್ತು. ಒಂದು ನಿಮಿಷ ತುಂಬುವುದರೊಳಗೆ ಅವನು ಅಂಗಾತ ಬಿದ್ದಿದ್ದನು. ದೂರದೂರದಿಂದ ಬಂದವರಲ್ಲಿ ಕುಳಿತ ಜಾಗ ಸರಿಮಾಡಿಕೊಳ್ಳುವಷ್ಟರಲ್ಲಿ ಪಂದ್ಯವನ್ನು ಕಳೆದುಕೊಂಡವರು ಎಷ್ಟೋ! ಶಕ್ತಿಯು ಪೂರ್ಣವಾದಷ್ಟೂ ಆಟ ಬೇಗ ಮುಗಿಯುವುದು ಅಖಾಡದ ವ್ಯಾಪಾರಿಗೆ ಎಂದಿನಿಂದಲೂ ಇರುವ ತಲೆನೋವು. ದೇಶವಿಭಜನೆಯಾದಮೇಲೆ ಗಾಮಾ ಲಾಹೋರಿನಲ್ಲಿ ಉಳಿದನು. ೧೯೬೦ರಲ್ಲಿ ತೀರಿಕೊಳ್ಳುವ ಮೊದಲು ಬಡತನ ರೋಗಗಳೆರಡನ್ನೂ ಅನುಭವಿಸಿದನು.

ಅದೇ ಕಾಲಕ್ಕೆ ಭಾರತದ ಪಟ್ಟಣಗಳಲ್ಲಿ ‘ಫ್ರೀಸ್ಟೈಲ್’ ಕುಸ್ತಿಯ ಹುಚ್ಚು ಹಬ್ಬಿತ್ತು. ಇನ್ನೂರು ಕಿಲೋಗ್ರಾಮಿನ ಸುಮಾರು ತೂಗುತ್ತಿದ್ದ, ಹಂಗೇರಿ ಮೂಲದ ಎಮಿಲ್ ಜಾಯ ಎಂಬಾತನು ಕಿಂಗ್‌ಕಾಂಗ್ ಎಂಬ ಹೆಸರು ಹೊತ್ತು, ಮಕ್ಕಳನ್ನು ಹೆದರಿಸುವ ಗಡ್ಡದೊಡನೆ, ಊರೂರು ಅಲೆದನು. ಅವನ ಎದುರಾಳಿ ದಾರಾಸಿಂಗ್. ಒಬ್ಬ ರಾಕ್ಷಸ, ಒಬ್ಬ ಸುಂದರಾಂಗ; ಯಕ್ಷಗಾನದ ಪ್ರಸಂಗಕ್ಕೆ ಇನ್ನೇನು ಬೇಕು? ಫಲಿತಾಂಶ ಮೊದಲೇ ಗೊತ್ತಾಗಿರುತ್ತದೆಂದು ಗುಸುಗುಸು ಇದ್ದೇ ಇತ್ತು. ಹಾಗೆ ಗುಸುಗುಟ್ಟಿದವರೂ ಟಿಕೆಟ್ಟು ಕೊಂಡೇ ಒಳಗೆ ಹೋದರು. ದಾರಾಸಿಂಗ್ ಬರಿಯ ವೇಷಧಾರಿಯೆಂದು ಹೇಳಿದರೆ ಅನ್ಯಾಯವಾದೀತು. ಪಂಜಾಬಿನ ಮಣ್ಣಿನ ಅಖಾಡದಲ್ಲಿ ಪಳಗಿದ ಮೈ ಅದು. ೧೯೫೪ರಲ್ಲಿ ರುಸ್ತುಮ್-ಎ-ಹಿಂದ್ ಬಿರುದು, ೧೯೬೮ರಲ್ಲಿ ಮುಂಬಯಿಯಲ್ಲಿ ಲೂ ಥೆಜ್‌ನ ಮೇಲೆ ಜಯ. ಅವನಿಗೆ ಸಿನಿಮಾ ಬಂತು, ದೂರದರ್ಶನದ ರಾಮಾಯಣದಲ್ಲಿ ಹನುಮಂತನ ಪಾತ್ರ ಬಂತು, ೨೦೦೩ರಲ್ಲಿ ರಾಜ್ಯಸಭೆಯ ಸ್ಥಾನವೂ ಬಂತು. ಗರಡಿಯಲ್ಲಿ ಪೂಜೆಗೊಳ್ಳುವ ದೇವರ ವೇಷವನ್ನೇ ಮಲ್ಲನೊಬ್ಬನು ಧರಿಸಿ ಮನೆಮನೆಗೆ ಬಂದದ್ದು ಸೋಜಿಗವೇ. ಗಾಮಾ ಮೇಲೋ ದಾರಾ ಮೇಲೋ ಎಂದು ಗರಡಿಯಲ್ಲಿ ಕೇಳಿದರೆ ಹಿರಿಯರು ನಕ್ಕುಬಿಡುತ್ತಾರೆ. ಆದರೆ ಬಾಳಿನ ಕಡೆಗಾಲದ ನೆಮ್ಮದಿ ದೊರೆತದ್ದು ದಾರಾನಿಗೆ.

ಮುಷ್ಟಿಯ ಮಾರುಕಟ್ಟೆ

ಈ ಕಥೆಯ ಅತಿ ದೊಡ್ಡ ರೂಪ ಅಮೆರಿಕದ ಬಾಕ್ಸಿಂಗಿನಲ್ಲಿದೆ. ಅಲ್ಲಿ ಟೆಕ್ಸ್ ರಿಕಾರ್ಡ್ ಎಂಬ ಚತುರನು ೧೯೨೧ರ ಜುಲೈ ೨ರಂದು ಜ್ಯಾಕ್ ಡೆಂಪ್ಸಿಗೂ ಫ್ರಾನ್ಸಿನ ಕಾರ್ಪೆಂಟಿಯರನಿಗೂ ಜೋಡಿ ಕಟ್ಟಿದನು. ಕಾರ್ಪೆಂಟಿಯರ್ ತೂಕದಲ್ಲಿ ತೀರ ಕಡಿಮೆ. ಬಲ್ಲವರಿಗೆ ಅದು ಸರಿಜೋಡಿಯೇ ಅಲ್ಲವೆಂದು ತಿಳಿದಿತ್ತು. ಆದರೆ ಅವನು ಯುದ್ಧವೀರ, ರೂಪವಂತ. ಡೆಂಪ್ಸಿಯಾದರೋ ಯುದ್ಧಕ್ಕೆ ಹೋಗದೆ ತಪ್ಪಿಸಿಕೊಂಡವನೆಂಬ ಅಪವಾದ ಹೊತ್ತವನು. ಇಷ್ಟು ಸಾಕಾಯಿತು. ಸುಮಾರು ಎಂಬತ್ತು ಸಾವಿರ ಜನ ಸೇರಿ, ಮುಷ್ಟಿಯುದ್ಧದ ಇತಿಹಾಸದಲ್ಲೇ ಮೊದಲ ಬಾರಿ ಟಿಕೆಟ್ಟಿನ ಹಣ ಹತ್ತು ಲಕ್ಷ ಡಾಲರು ದಾಟಿತು. ಕಾರ್ಪೆಂಟಿಯರ್ ನಾಲ್ಕನೆಯ ಸುತ್ತಿನಲ್ಲಿ ಬಿದ್ದನು.

ಮುಂದೆ ೧೯೨೬ರಲ್ಲಿಯೂ ೧೯೨೭ರಲ್ಲಿಯೂ ಡೆಂಪ್ಸಿಯನ್ನು ಸೋಲಿಸಿದವನು ಜೀನ್ ಟನ್ನಿ. ಲೆಕ್ಕಾಚಾರದ ಹೋರಾಟಗಾರ; ಬಿಡುವಿನಲ್ಲಿ ಷೇಕ್ಸ್‌ಪಿಯರನನ್ನು ಓದುವವನು; ಯೇಲ್ ವಿಶ್ವವಿದ್ಯಾಲಯದಲ್ಲಿ ಆ ಕವಿಯ ವಿಷಯವಾಗಿ ಉಪನ್ಯಾಸವನ್ನೂ ಮಾಡಿದನು. ಜನಕ್ಕೆ ಅವನು ಹಿಡಿಸಲಿಲ್ಲ. ಸೋತ ಡೆಂಪ್ಸಿಯೇ ಇಮ್ಮಡಿ ಪ್ರಿಯನಾದನು. ೧೯೨೮ರಲ್ಲಿ ಟನ್ನಿ ಟಾಮ್ ಹೀನಿಯೊಡನೆ ಸೆಣಸಿ ಗೆದ್ದಾಗ ಖುರ್ಚಿಗಳು ಖಾಲಿ ಉಳಿದವು. ಅದೇ ರಿಕಾರ್ಡನಿಗೆ ಭಾರಿ ನಷ್ಟವಾಯಿತು. ಡೆಂಪ್ಸಿಯನ್ನು ಎರಡು ಬಾರಿ ಗೆದ್ದವನು ಡೆಂಪ್ಸಿಯಿಲ್ಲದೆ ಜನ ಸೇರಿಸಲಾರದೆ ಹೋದನು.

ಇದಾದರೂ ಹಣದ ಮಾತು. ಇದಕ್ಕಿಂತ ಕ್ರೂರವಾದದ್ದು ಸ್ಯಾಮ್ ಲ್ಯಾಂಗ್‌ಫರ್ಡನ ವೃತ್ತಾಂತ. ಈ ನೀಗ್ರೋ ಮುಷ್ಟಿಮಲ್ಲನು ಎತ್ತರದಲ್ಲಿ ಐದೂವರೆ ಅಡಿಯ ಆಸುಪಾಸಿನವನಾದರೂ ತನಗಿಂತ ಬಹು ದೊಡ್ಡ ಮೈಯವರನ್ನು ಉರುಳಿಸುತ್ತಿದ್ದನು. ಅವನಿಗೆ ಹೆವಿವೇಯ್ಟ್ ವಿಶ್ವಪಟ್ಟಕ್ಕಾಗಿ ಹೋರಾಡುವ ಅವಕಾಶ ಎಂದೂ ದೊರೆಯಲಿಲ್ಲ. ಬಿಳಿಯರು ವರ್ಣದ ನೆಪ ಹೇಳಿದರು. ಕರಿಯನೇ ಆದ ಚಾಂಪಿಯನ್ ಜ್ಯಾಕ್ ಜಾನ್ಸನ್ ಸಹ, ಇಬ್ಬರು ಕರಿಯರ ಪಂದ್ಯಕ್ಕೆ ಹಣ ಹುಟ್ಟದೆಂಬ ಕಾರಣವಿದ್ದುದರಿಂದ, ಪಟ್ಟವನ್ನು ಪಣಕ್ಕಿಟ್ಟು ಅವನೊಡನೆ ಸೆಣಸಲಿಲ್ಲ. ಡೆಂಪ್ಸಿಯ ಕಾಲದಲ್ಲಿ ಹ್ಯಾರಿ ವಿಲ್ಸ್‌ನಿಗೂ ಇದೇ ಗತಿಯಾಯಿತು. ೧೯೪೪ರಲ್ಲಿ ಪತ್ರಿಕಾ ಬರಹಗಾರನೊಬ್ಬನು ಹುಡುಕಿಕೊಂಡು ಹೋದಾಗ, ಲ್ಯಾಂಗ್‌ಫರ್ಡ್ ನ್ಯೂಯಾರ್ಕಿನ ಹಾರ್ಲೆಮಿನ ಕತ್ತಲ ಕೋಣೆಯೊಂದರಲ್ಲಿ ಕಣ್ಣು ಕಾಣದೆ, ಕಾಸಿಲ್ಲದೆ ಕುಳಿತಿದ್ದನು. ಬರಹವನ್ನೋದಿದ ಜನ ಹಣ ಕೂಡಿಸಿ ಕಳಿಸಿದರು. ೧೯೫೫ರಲ್ಲಿ ಅವನ ಹೆಸರನ್ನು ಮುಷ್ಟಿಮಲ್ಲರ ಕೀರ್ತಿಮಂದಿರಕ್ಕೆ ಸೇರಿಸಿದರು; ಮರುವರ್ಷದ ಜನವರಿಯಲ್ಲಿ ತೀರಿಕೊಂಡನು.

ಇದಕ್ಕೆ ತದ್ವಿರುದ್ಧವಾಗಿ ಪ್ರಿಮೊ ಕಾರ್ನೆರಾ. ಇಟಲಿಯ ಈ ಮಹಾಕಾಯನನ್ನು ಪಾತಕಿಗಳ ಕೂಟವೊಂದು ಜನ ಸೇರಿಸುವ ಯಂತ್ರವನ್ನಾಗಿ ಮಾಡಿಕೊಂಡಿತು. ಅವನ ಎಷ್ಟೋ ಗೆಲುವುಗಳು ಕೊಂಡ ಗೆಲುವುಗಳೆಂದು ಪ್ರತೀತಿ. ೧೯೩೩ರಲ್ಲಿ ವಿಶ್ವಪಟ್ಟವೂ ಕೈಸೇರಿತು. ಮರುವರ್ಷವೇ ಮ್ಯಾಕ್ಸ್ ಬೇರನು ಅವನನ್ನು ಒಂದೇ ಪಂದ್ಯದಲ್ಲಿ ಹತ್ತಕ್ಕೂ ಹೆಚ್ಚು ಬಾರಿ ನೆಲಕ್ಕೆ ಕೆಡವಿದನು. ಹೊಡೆತಗಳು ಅವನಿಗೆ, ಹಣ ಇತರರಿಗೆ.

ಜೋ ಲೂಯಿಯ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ೧೯೩೭ರಿಂದ ೧೯೪೯ರವರೆಗೆ ಚಾಂಪಿಯನ್. ಪಟ್ಟವನ್ನು ಇಪ್ಪತ್ತೈದು ಬಾರಿ ಉಳಿಸಿಕೊಂಡನು. ೧೯೩೮ರಲ್ಲಿ ಜರ್ಮನಿಯ ಷ್ಮೆಲಿಂಗನನ್ನು ಮೊದಲ ಸುತ್ತಿನಲ್ಲೇ ಮುಗಿಸಿದಾಗ ಅಮೆರಿಕವೆಲ್ಲ ಕುಣಿಯಿತು. ಯುದ್ಧಕಾಲದಲ್ಲಿ ಎರಡು ಪಂದ್ಯಗಳ ಸಂಪಾದನೆಯನ್ನು ಸೇನೆಯವರ ಪರಿಹಾರ ನಿಧಿಗಳಿಗೆ ಕೊಟ್ಟುಬಿಟ್ಟನು. ಬಳಿಕ ತೆರಿಗೆಯ ಅಧಿಕಾರಿಗಳು ಬಂದರು. ಬಾಕಿ ಬೆಳೆದು ಬೆಟ್ಟವಾಯಿತು. ೧೯೫೬ರಲ್ಲಿ ಆ ಮಹಾವೀರನು ಹಣಕ್ಕಾಗಿ ತೋರಿಕೆಯ ಕುಸ್ತಿಯ ಕಣಕ್ಕಿಳಿದು, ಎದುರಾಳಿಯ ಭಾರ ಎದೆಯ ಮೇಲೆ ಬಿದ್ದು ಪೆಟ್ಟು ತಿಂದನು. ಕಡೆಗಾಲದಲ್ಲಿ ಲಾಸ್ ವೇಗಸ್ಸಿನ ಜೂಜುಮಂದಿರವೊಂದರಲ್ಲಿ ಬಂದವರ ಕೈಕುಲುಕಿ ಸ್ವಾಗತಿಸುವುದೇ ಅವನ ಉದ್ಯೋಗವಾಗಿತ್ತು.

ಎರಡನ್ನೂ ಒಂದೇ ಮೈಯಲ್ಲಿ ಹೊತ್ತವನೆಂದರೆ ಮಹಮ್ಮದ್ ಅಲಿ. ಅವನು ಬಡಾಯಿಯ ವಿದ್ಯೆಯನ್ನು ಕಲಿತದ್ದು ಕುಸ್ತಿಯವನಿಂದಲೇ ಎಂಬುದು ಸ್ವಾರಸ್ಯ. ೧೯೬೧ರಲ್ಲಿ ‘ಗಾರ್ಜಿಯಸ್ ಜಾರ್ಜ್’ ಎಂಬ ವೇಷಗಾರ ಮಲ್ಲನನ್ನು ಕಂಡು, ಬಾಯಿ ಮುಚ್ಚಿಸುವುದನ್ನು ನೋಡಲೆಂದೇ ಜನ ದುಡ್ಡು ತೆರುತ್ತಾರೆಂಬ ಗುಟ್ಟನ್ನು ತಿಳಿದುಕೊಂಡನು. ಆದರೆ ೧೯೬೭ರಲ್ಲಿ ವಿಯೆಟ್ನಾಮ್ ಯುದ್ಧಕ್ಕೆ ಹೋಗೆನೆಂದು ನಿಂತಾಗ ಅವನು ಪಟ್ಟವನ್ನೂ, ಮೂರೂವರೆ ವರ್ಷಗಳ ಯೌವನವನ್ನೂ, ಅದರ ಗಳಿಕೆಯನ್ನೂ ಕಳೆದುಕೊಂಡನು. ಯಾವ ವ್ಯಾಪಾರಿಯೂ ಅಂಥ ಸಲಹೆ ಕೊಡುತ್ತಿರಲಿಲ್ಲ. ೧೯೭೧ರ ಮಾರ್ಚ್ ೮ರಂದು ಫ್ರೇಜಿಯರನ ಎದುರು ಹದಿನೈದು ಸುತ್ತು ಹೋರಾಡಿ ಸೋತಾಗ, ಇಬ್ಬರಿಗೂ ತಲಾ ಇಪ್ಪತ್ತೈದು ಲಕ್ಷ ಡಾಲರು ದೊರೆಯಿತು. ೧೯೮೦ರಲ್ಲಿ ಅವನು ಮದರಾಸಿಗೂ ಬಂದು, ಜಿಮ್ಮಿ ಎಲ್ಲಿಸನೊಡನೆ ಪ್ರದರ್ಶನ ಪಂದ್ಯವಾಡಿ ಹೋದನು.

ಈಚಿನ ಲೆಕ್ಕಗಳನ್ನು ಕಂಡರೆ ರಿಕಾರ್ಡನೇ ಬೆಚ್ಚಿಬೀಳುತ್ತಿದ್ದನು. ೨೦೧೫ರ ಮೇ ತಿಂಗಳಲ್ಲಿ ಮೇವೆದರ್, ಪಾಕ್ಯಾವೊ ಎಂಬ ಇಬ್ಬರು ನಿಜವಾದ ಘಟಾನುಘಟಿಗಳು, ಇಬ್ಬರಿಗೂ ಹರೆಯ ಇಳಿದಮೇಲೆ, ಎದುರಾದರು. ಅಮೆರಿಕದಲ್ಲಿ ೪೬ ಲಕ್ಷ ಮನೆಗಳು ಹಣ ತೆತ್ತು ಟೆಲಿವಿಷನ್ನಿನಲ್ಲಿ ನೋಡಿ, ಆಟ ಸಪ್ಪೆಯಾಯಿತೆಂದು ಗೊಣಗಿಕೊಂಡವು. ೨೦೧೭ರಲ್ಲಿ ಅದೇ ಮೇವೆದರನು, ಅದುವರೆಗೆ ಒಂದೂ ವೃತ್ತಿಪರ ಬಾಕ್ಸಿಂಗ್ ಪಂದ್ಯವಾಡದಿದ್ದ ಮೆಕ್‌ಗ್ರೆಗರನೊಡನೆ ಸೆಣಸಿದಾಗ ಹೆಚ್ಚುಕಡಿಮೆ ಅಷ್ಟೇ ಮನೆಗಳು ಹಣ ತೆತ್ತವು. ೨೦೨೪ರ ನವೆಂಬರಿನಲ್ಲಿ ಐವತ್ತೆಂಟು ವರ್ಷದ ಮೈಕ್ ಟೈಸನ್, ಇಂಟರ್‌ನೆಟ್ಟಿನ ವಿಡಿಯೊಗಳಿಂದ ಹೆಸರಾದ ಇಪ್ಪತ್ತೇಳರ ಹರೆಯದ ಜೇಕ್ ಪಾಲನ ಎದುರು ಟೆಕ್ಸಾಸಿನಲ್ಲಿ ಬಳಲಿದ ಕಾಲೆಳೆಯುತ್ತ ನಿಂತದ್ದನ್ನು ನೋಡಲು ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂಡಿದರು. ಮೈಸೂರಿನ ಹಿರಿಯರಾರೂ ಅಂಥ ಜೋಡಿಯನ್ನು ಕಟ್ಟಲಾರರು.

ಮಟ್ಟಿಯ ಲೆಕ್ಕ

ಹಾಗೆಂದು ಜನ ಸೇರುವುದನ್ನು ಹಳಿಯುವಂತಿಲ್ಲ. ಗರಡಿಯ ಮಟ್ಟಿಗೆ ಹಾಲು, ತುಪ್ಪ, ಅರಿಸಿನಗಳನ್ನು ಬೆರೆಸಬೇಕು. ಪೈಲ್ವಾನನಿಗೆ ಹಾಲು, ಬಾದಾಮಿ, ಮಾಂಸ, ಮೊಟ್ಟೆಗಳು ದಿನವೂ ಬೇಕು. ದಂಡ ಬಸ್ಕಿಗಳನ್ನು ತೆಗೆದು ದಣಿದ ಹುಡುಗನ ಹಸಿವು ಮಧ್ಯಮ ವರ್ಗದ ಮನೆಯ ತಿಂಗಳ ಲೆಕ್ಕವನ್ನೇ ನುಂಗಬಲ್ಲದು. ಅರಮನೆಯ ಆಶ್ರಯ ತಪ್ಪಿದಮೇಲೆ ಅದನ್ನು ಭರಿಸುವವರು ಊರಿನ ಉದಾರಿಗಳು, ಗರಡಿಯ ಯಜಮಾನರು, ಭಿತ್ತಿಪತ್ರ ನೋಡಿ ಬರುವ ಪ್ರೇಕ್ಷಕರು. ದೊಡ್ಡಕೆರೆ ಮೈದಾನದ ಬಳಿಯ ದೇವರಾಜ ಅರಸು ಕ್ರೀಡಾಂಗಣದಲ್ಲಿ ದಸರೆಯ ಹೊತ್ತಿಗೆ ದಸರಾ ಕೇಸರಿ, ದಸರಾ ಕುಮಾರ, ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಎಂಬ ಬಿರುದುಗಳಿಗಾಗಿ ಸೆಣಸಾಟ ನಡೆಯುತ್ತದೆ. ಹೆಣ್ಣುಮಕ್ಕಳ ಜೋಡಿಗೆ ಜನ ಹೆಚ್ಚು ಕೂಗುತ್ತಾರೆ. ಆ ಕೂಗಿನಲ್ಲಿ ಕುತೂಹಲವೆಷ್ಟು, ಮೆಚ್ಚುಗೆಯೆಷ್ಟು ಎಂಬುದನ್ನು ಬೇರ್ಪಡಿಸುವುದು ಕಷ್ಟ. ೨೦೧೯ರ ‘ಪೈಲ್ವಾನ್’ ಚಿತ್ರದಲ್ಲಿ ಸುದೀಪರು ಕುಸ್ತಿಯಿಂದ ಬಾಕ್ಸಿಂಗಿಗೆ ಹೋಗುವ ಮಲ್ಲನಾಗಿ ಕಾಣಿಸಿಕೊಂಡರು. ನಿಜಜೀವನದ ಗರಡಿಯ ಹುಡುಗನಿಗೆ ಸುಲಭವಾಗಿ ಕಾಣುವ ಹಾದಿ ಅದಲ್ಲ. ಪೊಲೀಸ್, ರೈಲ್ವೆ, ಸೇನೆಗಳಲ್ಲಿ ಆಟಗಾರರಿಗೆಂದಿರುವ ಹುದ್ದೆ ಸಿಕ್ಕರೆ ಅವನ ತಾಯಿಗೆ ಅದೇ ಬೆಳ್ಳಿಯ ಗದೆ.

ಅದಕ್ಕಾಗಿ ಅವನು ಚಾಪೆಯ ಮೇಲೆ, ಅಂಕಗಳ ಲೆಕ್ಕದಲ್ಲಿ, ನಿಮಿಷಗಳ ಮಿತಿಯೊಳಗೆ ಆಡುವುದನ್ನೂ ಕಲಿಯಬೇಕು. ಜಾತ್ರೆಯ ಅಖಾಡದಲ್ಲಾದರೋ ಜನ ಬಯಸುವುದು ಮಾರ್ಫಿಟ್ ಕುಸ್ತಿಯನ್ನು. ಒಬ್ಬನ ಬೆನ್ನು ಮಣ್ಣಿಗೆ ಹತ್ತುವ ತನಕ ಅಲ್ಲಿ ಬಿಡುವಿಲ್ಲ. ಒಂದೇ ಹುಡುಗನು ಹಗಲು ಚಾಪೆಯ ಮೇಲೂ ಸಂಜೆ ಮಟ್ಟಿಯಲ್ಲೂ ಎರಡು ಬಗೆಯ ದೇಹಗಳನ್ನು ಬೆಳೆಸಿಕೊಳ್ಳಬೇಕಾಗಿದೆ. ಉಸ್ತಾದರು ಅಖಾಡದ ಅಂಚಿನಲ್ಲಿ ಕುಳಿತು ಇದನ್ನು ನೋಡುತ್ತಾರೆ. ಕಡೆಯ ಜೋಡಿ ಇಳಿಯುವಾಗ ತಮಟೆಯ ಬಡಿತ ಏರುತ್ತದೆ, ಗ್ಯಾಲರಿ ಎದ್ದು ನಿಲ್ಲುತ್ತದೆ. ಆ ಗದ್ದಲದಲ್ಲಿ ಒಬ್ಬಿಬ್ಬರು ಹಿರಿಯರು ಮಾತ್ರ ಕೆಳಗಿಳಿದು, ಮಧ್ಯಾಹ್ನವೇ ಗೆದ್ದು ಮೂಲೆಯಲ್ಲಿ ಅಂಗಿ ತೊಡುತ್ತಿರುವ ಮೂರನೆಯ ಜೋಡಿಯ ಹುಡುಗನನ್ನು ಹುಡುಕಿಕೊಂಡು ಹೋಗಿ, ಯಾವ ಗರಡಿಯವನಪ್ಪ ನೀನು ಎಂದು ಕೇಳುತ್ತಿರುತ್ತಾರೆ.